ಬಾಡಿಗೆ ಮುಗಿದಾಗ ಬೀಗ ಬಿದ್ದ ಹಾಡು

ನೀವೇ ಕೂತು ಬರೆದದ್ದು. ನಿಮ್ಮದೇ ಮನೆ, ನಿಮ್ಮದೇ ಕಂಪ್ಯೂಟರ್. ಒಂದು ದಿನ ಬೆಳಿಗ್ಗೆ ತೆರೆದು ನೋಡಿದರೆ ಅದು "ಓದಿಕೊಳ್ಳಿ, ಆದರೆ ಮುಟ್ಟಬೇಡಿ" ಎಂದುಬಿಟ್ಟರೆ ನಿಮಗೆ ಹೇಗಾದೀತು? ಡೆನ್ಮಾರ್ಕಿನ ದಕ್ಷಿಣ ಕಡಲಲ್ಲಿರುವ ಪುಟ್ಟ ದ್ವೀಪವೊಂದರಲ್ಲಿ, ಆಗಸ್ಟ್ ತಿಂಗಳ ಒಂದು ಸೋಮವಾರ, ಟೋವೆ ಎಂಬ ಹೆಂಗಸಿಗೆ ಆದದ್ದು ಇದೇ.

ಟೋವೆ ಹಾಡು ಕಟ್ಟುವವಳು. ಆ ಕಡೆಯಲ್ಲಿ ಯಾರ ಮನೆಯ ಹುಟ್ಟುಹಬ್ಬವಿರಲಿ, ಮದುವೆಯಿರಲಿ, ಆ ಮನೆಯವರ ಮೇಲೆಯೇ ಹೊಸ ಹಾಡೊಂದನ್ನು ಬರೆದು, ಅಚ್ಚು ಹಾಕಿ, ಬಂದವರ ಕೈಗೆಲ್ಲ ಒಂದೊಂದು ಹಾಳೆ ಕೊಟ್ಟು, ಒಟ್ಟಿಗೆ ಹಾಡದಿದ್ದರೆ ಸಮಾರಂಭಕ್ಕೆ ಕಳೆಯೇ ಇಲ್ಲ. ಧಾಟಿ ಎಲ್ಲರಿಗೂ ಗೊತ್ತಿರುವ ಹಳೆಯದು, ಮಾತು ಮಾತ್ರ ಹೊಸದು. ಬರುವ ಶನಿವಾರ ಟೋವೆಯ ಅಕ್ಕನ ಮಗಳು ಡೋರ್ಟೆಗೆ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುತ್ತಿತ್ತು. ಅಂಥ ದಿನ ಊರಿಗೆ ಊರೇ ಬೆಳಿಗ್ಗೆ ಬೇಗ ಹೋಗಿ, ಬಾಗಿಲಿಗೆ ಕಟ್ಟಿದ ಹಸಿರು ಕಮಾನಿನ ಮುಂದೆ ನಿಂತು, ಹಾಡಿ ಗಂಡಹೆಂಡಿರನ್ನು ಎಬ್ಬಿಸಬೇಕು. ಹಾಡು ಏನೆಂದು ಅವರಿಗೆ ಅಲ್ಲಿಯವರೆಗೂ ಗೊತ್ತಾಗಕೂಡದು.

ಆ ಹಾಡಿನ ಐದು ಚರಣಗಳನ್ನು ಟೋವೆ ಮತ್ತು ಅವಳ ಅಕ್ಕ ರಾಗ್ನಾ ಕಳೆದ ಚಳಿಗಾಲದಲ್ಲೇ ಇದೇ ಮೇಜಿನ ಮುಂದೆ ಕೂತು ಬರೆದಿದ್ದರು. ರಾಗ್ನಾ ಎಂದರೆ ಡೋರ್ಟೆಯ ತಾಯಿ. ಅಕ್ಕ ಮಾತು ಹೇಳುವುದು, ತಂಗಿ ಪ್ರಾಸ ಕೂಡಿಸುವುದು, ಇಬ್ಬರೂ ಬಿದ್ದು ಬಿದ್ದು ನಗುವುದು. "ಕೊನೇ ಚರಣ ಬೇಸಿಗೇಲಿ ಬರೆಯೋಣ ಬಿಡೆ. ಅಷ್ಟ್ರಲ್ಲಿ ನನ್ನ ಅಳಿಯ ಇನ್ನೇನಾದ್ರೂ ಮುರಿದು ಹಾಕಿರ್ತಾನೆ, ಅದನ್ನೂ ಸೇರಿಸ್ಬಹುದು" ಎಂದಿದ್ದಳು ರಾಗ್ನಾ. ಬೇಸಿಗೆ ಬಂತು, ರಾಗ್ನಾ ಇರಲಿಲ್ಲ. ಏಪ್ರಿಲ್‌ನಲ್ಲಿ ತೀರಿಕೊಂಡಳು.

ಮೊದಲ ಚರಣ ರಾಗ್ನಾಳದ್ದೇ ಮಾತು:

ಏಳಿರಿ ಏಳಿರಿ, ಬೆಳಕಾಯಿತು, ಕದ ತೆರೆಯಿರಿ,
ಊರೇ ಬಂದಿದೆ ಅಂಗಳಕೆ, ಹೊರ ಬನ್ನಿರಿ.
ಅಮ್ಮನು ನಿಂತಿಹಳು ಈ ಬದಿಗೆ, ಚಿಕ್ಕಮ್ಮ ಆ ಬದಿಗೆ,
ಇಬ್ಬರ ನಡುವೆ ಹಾದು ಬನ್ನಿ, ನಗುತ, ಈ ಹೊತ್ತಿಗೆ.

ಈಗ ಆ ಮೂರನೆಯ ಸಾಲನ್ನು ಊರಿನವರ ಬಾಯಲ್ಲಿ ಹಾಡಿಸುವುದು ಹೇಗೆ? ಅಮ್ಮ ಎಲ್ಲಿ ನಿಂತಿದ್ದಾಳೆ? ಅದನ್ನು ಬದಲಿಸಬೇಕು, ಕೊನೆಯ ಚರಣ ಬರೆಯಬೇಕು ಎಂದು ನಾಲ್ಕು ತಿಂಗಳು ಧೈರ್ಯ ಕೂಡಿಸಿಕೊಂಡು ಟೋವೆ ಅಂದು ಕಂಪ್ಯೂಟರ್ ಮುಂದೆ ಕೂತಿದ್ದಳು. ಕೂತರೆ, ಪರದೆಯ ತಲೆಯ ಮೇಲೊಂದು ಹಳದಿ ಪಟ್ಟಿ. ಬರೆಯುವ ತಂತ್ರಾಂಶದ ವರ್ಷದ ಬಾಡಿಗೆ ಮುಗಿದಿದೆ, ಓದಬಹುದು, ತಿದ್ದುವಂತಿಲ್ಲ. ಅವಳು ಒಂದು ಕೀಲಿ ಒತ್ತಿದಳು. ಇನ್ನೊಂದು ಒತ್ತಿದಳು. ಒಂದು ಅಕ್ಷರವೂ ಅಲುಗಲಿಲ್ಲ.

ಅಷ್ಟರಲ್ಲಿ ಗಂಡ ವಿಲ್ಲಿ ಮೊಟ್ಟೆಯ ಬುಟ್ಟಿ ಹಿಡಿದು ಒಳಗೆ ಬಂದ. ದೋಣಿಯ ಇಂಜಿನ್ ನೋಡಿಕೊಂಡು ನಿವೃತ್ತನಾದವನು. ಇಂಜಿನ್ ಅಲ್ಲದ ಯಾವ ಯಂತ್ರದ ಮೇಲೂ ಅವನಿಗೆ ನಂಬಿಕೆಯಿಲ್ಲ.

"ಏನ್ ಮಾರಾಯ್ತಿ, ಮುಖ ಹೀಗ್ ಮಾಡ್ಕೊಂಡಿದೀಯ?"

"ನನ್ನ ಹಾಡನ್ನ ನಾನೇ ಮುಟ್ಟೋ ಹಾಗಿಲ್ವಂತೆ ವಿಲ್ಲಿ. ಬಾಡಿಗೆ ಕಟ್ಬೇಕಂತೆ."

"ಕಟ್ಟಿ ಬಿಸಾಕು ಅತ್ಲಾಗೆ. ಹಾಡಿಗಿಂತ ಹೆಚ್ಚಾ?"

"ಕಟ್ಟೋಕೆ ಹೋದೆ. ಹೋದ ವರ್ಷಕ್ಕಿಂತ ಮತ್ತೆ ಜಾಸ್ತಿ ಮಾಡಿದಾರೆ. ಹಾಳಾಗ್ ಹೋಗ್ಲಿ ಅಂದ್ರೆ, ಹೊಸ ತಂತ್ರಾಂಶ ಈ ಹಳೇ ಕಂಪ್ಯೂಟರಲ್ಲಿ ಕೂರೋದೇ ಇಲ್ವಂತೆ. ಹೊಸ ಕಂಪ್ಯೂಟರ್ ತಗೋಬೇಕಂತೆ!"

"ಇದಕ್ಕೇನಾಗಿದೆ? ಚೆನ್ನಾಗೇ ಇದೆಯಲ್ಲ!"

"ನನಗೇನ್ ಗೊತ್ತು? ಅದಕ್ಕೆ ಕೇಳು."

ವಿಲ್ಲಿ ಕಂಪ್ಯೂಟರನ್ನು ಸುತ್ತ ಬಂದು ನೋಡಿದ. ಅದರ ಬೆನ್ನು ತಟ್ಟಿದ. "ಇರೋದನ್ನ ಹಾಗೇ ಅಚ್ಚು ಹಾಕು. ಕೊನೇದನ್ನ ನಾನ್ ಕೈಯಲ್ಲಿ ಬರೆದು ಕೊಡ್ತೀನಿ."

"ನಿನ್ನ ಅಕ್ಷರ? ಆ ಹಾಳೆ ನೋಡಿದ್ರೆ ಊರೋರು ಹಾಡ್ತಾರೋ, ಕೋಳಿ ನಡೆದು ಹೋಗಿದೆ ಅಂತ ಓಡಿಸೋಕೆ ಹೋಗ್ತಾರೋ? ಮತ್ತೆ ಮೊದಲನೇ ಚರಣ? ಅಕ್ಕ ನಿಂತಿದಾಳೆ ಅಂತ ಹಾಗೇ ಬಿಡ್ಲಾ?"

ವಿಲ್ಲಿ ಮೊಟ್ಟೆಯ ಬುಟ್ಟಿಯನ್ನು ಮೇಜಿನ ಮೇಲಿಟ್ಟ. ಟೋವೆಯ ಬೆರಳುಗಳು ಸಂಧಿವಾತದಿಂದ ಸೆಡೆತುಹೋಗಿ ಎಷ್ಟೋ ಕಾಲವಾಗಿತ್ತು. ಪೆನ್ನು ಹಿಡಿಯಲಾಗುತ್ತಿರಲಿಲ್ಲ, ಎರಡು ಬೆರಳಲ್ಲಿ ಕೀಲಿ ಒತ್ತಲು ಮಾತ್ರ ಆಗುತ್ತಿತ್ತು. ಅದೂ ಕೈಬಿಟ್ಟರೆ ಅಕ್ಕನ ಹಾಡು ಅರ್ಧಕ್ಕೇ ನಿಲ್ಲುತ್ತದಲ್ಲ ಎಂದು ಅವಳಿಗೆ ಅಳುವೇ ಬಂತು.

ಮಧ್ಯಾಹ್ನ ಕಾಫಿಗೆ ಪಕ್ಕದ ಮನೆಯ ಬೋಡಿಲ್ ಬಂದಳು. ಬಹಳ ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು, ಈಗ ದ್ವೀಪದಲ್ಲಿ ಯಾರ ಕಂಪ್ಯೂಟರ್ ಕೈಕೊಟ್ಟರೂ ಅವಳಿಗೇ ಕರೆ. ಹಳದಿ ಪಟ್ಟಿ ನೋಡಿದವಳೇ, "ಅಯ್ಯೋ, ಇಷ್ಟೇನಾ! ಲಿಬ್ರೆಆಫೀಸ್ ಹಾಕ್ಕೋ. ಪತ್ರ ಬರೆಯೋದು, ಲೆಕ್ಕದ ಹಾಳೆ, ಸಭೇಲಿ ತೋರ್ಸೋ ಚಿತ್ರಪುಟ, ಎಲ್ಲಾ ಅದ್ರಲ್ಲೇ ಇದೆ. ಹಳೇ ಕಂಪ್ಯೂಟರಲ್ಲೂ ನಡೆಯತ್ತೆ. ನಿನ್ನ ಈ ಹಾಡೂ ಅದ್ರಲ್ಲಿ ತೆರೆಯತ್ತೆ. ದುಡ್ಡು ಕೊಡ್ಬೇಕಾಗಿಲ್ಲ" ಎಂದಳು.

ಟೋವೆಯ ಕಿವಿ ನೆಟ್ಟಗಾಯಿತು. ಆದರೆ ಮೊದಲು ಬಾಯಿ ತೆರೆದವನು ವಿಲ್ಲಿ.

"ದುಡ್ಡು ಕೊಡ್ಬೇಕಾಗಿಲ್ಲ ಅಂದ್ರೆ ಎಷ್ಟು ದಿನ?"

"ಯಾವತ್ತೂ."

"ಆಮೇಲೆ ಕೇಳ್ತಾರೆ ನೋಡ್ತಿರು."

"ಕೇಳಲ್ಲ ಮಾರಾಯ."

"ಹಾಗಾದ್ರೆ ಡಬ್ಬಿ ಎಲ್ಲಿ?" ಎಂದ ವಿಲ್ಲಿ.

ಡಬ್ಬಿಯ ವಿಷಯ ಹೇಳಬೇಕು. ಆ ದ್ವೀಪದಲ್ಲಿ ಮನೆ ಮನೆಯ ಮುಂದೆ ರಸ್ತೆಬದಿಗೆ ಒಂದು ಮರದ ಗೂಡು. ಅದರಲ್ಲಿ ಮೊಟ್ಟೆಯೋ ಹೊಸ ಆಲೂಗಡ್ಡೆಯೋ ಜೇನೋ ಇಟ್ಟು, ಪಕ್ಕದಲ್ಲೊಂದು ದುಡ್ಡಿನ ಡಬ್ಬಿ ಇಟ್ಟು, ಮನೆಯವರು ತಮ್ಮ ಪಾಡಿಗೆ ಕೆಲಸಕ್ಕೆ ಹೋಗುತ್ತಾರೆ. ಕಾಯುವವರಿಲ್ಲ, ಕೇಳುವವರಿಲ್ಲ. ಬೇಕಾದವರು ತೆಗೆದುಕೊಂಡು ಡಬ್ಬಿಗೆ ಹಾಕಿ ಹೋಗುತ್ತಾರೆ. ಡಬ್ಬಿಗೆ ಹಾಕದೆ ಮೊಟ್ಟೆ ಒಯ್ದವರನ್ನು ವಿಲ್ಲಿ ಜೀವಮಾನದಲ್ಲಿ ಕ್ಷಮಿಸುವವನಲ್ಲ. ಇನ್ನು ತಾನೇ ಹಾಗೆ ಒಯ್ಯುವುದುಂಟೆ!

"ಡಬ್ಬಿ ಇಲ್ದೇ ಇರೋ ಗೂಡಿಂದ ಏನನ್ನೂ ತೆಗೀಬಾರ್ದು. ಒಂದೋ ಸಾಮಾನು ಕೆಟ್ಟಿರತ್ತೆ, ಇಲ್ಲಾ ಅದು ಇನ್ಯಾರದೋ ಆಗಿರತ್ತೆ" ಎಂದು ಅವನು ರೈ ಬ್ರೆಡ್ಡಿನ ಮೇಲೆ ಬೆಣ್ಣೆ ಸವರುತ್ತ ತೀರ್ಪು ಕೊಟ್ಟ.

ಟೋವೆಗೆ ಬೇರೆಯದೇ ಕುತೂಹಲ. "ಅಲ್ವೇ ಬೋಡಿಲ್, ಅದು ಯಾರದು? ಯಾರು ಮಾಡಿದ್ದು? ಯಾಕ್ ಮಾಡಿದ್ರು?"

"ನಮ್ಮ ಊರ ಸಭಾಭವನ ಯಾರದು?" ಎಂದು ಬೋಡಿಲ್ ತಿರುಗಿ ಕೇಳಿದಳು.

"ಯಾರದು ಅಂದ್ರೆ? ನಮ್ದು. ಎಲ್ಲರದ್ದು."

"ಕಟ್ಟಿದ್ದು ಯಾರು?"

"ಅಜ್ಜಂದಿರು. ಒಬ್ರು ಮರ ಕೊಟ್ರು, ಒಬ್ರು ಗಾಡಿ ಕೊಟ್ರು."

"ಈಗ ನಡೆಸೋದು?"

"ನಾವೇ. ವಿಲ್ಲಿ ಪ್ರತಿ ಮೇ ತಿಂಗಳು ಕುರ್ಚಿಗೆ ಬಣ್ಣ ಹೊಡೀತಾನೆ."

"ಇದೂ ಹಾಗೇನೇ. ಬೇರೆ ಬೇರೆ ದೇಶದ ಸಾವಿರಾರು ಜನ ಸೇರಿ ಮಾಡಿದ್ದು. ಕೆಲವ್ರಿಗೆ ಅದೇ ಉದ್ಯೋಗ, ಸಂಬಳ ಇದೆ. ಉಳಿದೋರು ಬಿಡುವಾದಾಗ ಮಾಡ್ತಾರೆ. ನೋಡ್ಕೊಳ್ಳೋಕೆ ಬರ್ಲಿನ್‌ನಲ್ಲಿ ಒಂದು ಸಂಸ್ಥೆ ಇದೆ, ಲಾಭಕ್ಕಲ್ಲ. ಅದು ಹೇಗೆ ಕಟ್ಟಿದಾರೆ ಅನ್ನೋ ನಕ್ಷೆ ಎಲ್ಲರಿಗೂ ತೆರೆದಿಟ್ಟಿದಾರೆ. ಯಾರ್ ಬೇಕಾದ್ರೂ ನೋಡ್ಬಹುದು, ಸರಿ ಮಾಡ್ಬಹುದು, ನಕಲು ಮಾಡಿ ಇನ್ನೊಬ್ರಿಗೆ ಕೊಡ್ಬಹುದು. ಕದ್ದ ಹಾಗಲ್ಲ ವಿಲ್ಲಿ, ಅವರೇ ತಗೊಳ್ಳಿ ಅಂದಿದಾರೆ."

"ಹ್ಞೂಂ" ಎಂದು ವಿಲ್ಲಿ ಮೂಗು ಮುರಿದ. "ಹಾಗಿದ್ರೆ ದೊಡ್ಡ ದೊಡ್ಡ ಕಚೇರಿಗಳು ಯಾಕೆ ಬಾಡಿಗೆ ಕಟ್ತವೆ?"

"ಕೆಲವು ಕಟ್ತಾ ಇಲ್ಲ ಈಗ. ಗಡಿ ಆಚೆ ಜರ್ಮನಿಯಲ್ಲಿ ಒಂದು ರಾಜ್ಯದ ಸರ್ಕಾರಿ ಕಚೇರಿಗಳೇ ಇದಕ್ಕೆ ಬಂದಿವೆ. ಉಳಿದವ್ರಿಗೆ ಅಭ್ಯಾಸಬಲ. ನಮ್ಮ ಸಾಮಾನು ಎಲ್ಲಿದೆಯೋ ಅಲ್ಲೇ ಇರೋಣ ಅಂತ." ಬೋಡಿಲ್ ಎದ್ದಳು. ಅವಳಿಗೆ ದೋಣಿ ಹಿಡಿದು ಮಗಳ ಮನೆಗೆ ಹೋಗಬೇಕಿತ್ತು. "ಬುಧವಾರ ಬೆಳಿಗ್ಗೆ ಬಂದು ನಾನೇ ಹಾಕಿ ಕೊಡ್ತೀನಿ. ಅಲ್ಲೀತನಕ ಏನೂ ಒತ್ಬೇಡಿ. ಕೇಳಿಸ್ತಾ ವಿಲ್ಲಿ?"

ಕೇಳಿಸಿತ್ತು. ಆದರೆ ಆಗಬೇಕಾದ ಕೆಲಸ ಕಣ್ಣ ಮುಂದಿರುವಾಗ ಕೈಕಟ್ಟಿ ಕೂರುವುದು ವಿಲ್ಲಿಯ ಜಾಯಮಾನವಲ್ಲ. ಮಂಗಳವಾರ ಟೋವೆ ಕಮಾನಿನ ಹೂವಿನ ವಿಷಯ ಮಾತಾಡಲು ಚರ್ಚಿನ ಕಡೆ ಹೋದದ್ದೇ ತಡ, ಅವನು ಕನ್ನಡಕ ಏರಿಸಿ ಕಂಪ್ಯೂಟರ್ ಮುಂದೆ ಕೂತ. ಹೆಂಡತಿ ಬರುವಷ್ಟರಲ್ಲಿ ಎಲ್ಲ ಸಿದ್ಧ ಮಾಡಿಟ್ಟರೆ ಎಷ್ಟು ಸಂತೋಷಪಟ್ಟಾಳು! ಬೋಡಿಲ್ ಹೇಳಿದ ಹೆಸರನ್ನೇ ಹುಡುಕಿದ. ಉದ್ದದ ಪಟ್ಟಿ ಬಂತು. ಅದರಲ್ಲೊಂದು ತಾಣ ಪುಕ್ಕಟೆ ಎಂದಿತು. ಎಲ್ಲಕ್ಕಿಂತ ಮೇಲೆ, ಜಾಹೀರಾತು ಎಂಬ ಸಣ್ಣ ಅಕ್ಷರದ ಜತೆ ಇದ್ದ ಇನ್ನೊಂದು, ಬ್ಯಾಂಕ್ ಕಾರ್ಡಿನ ಸಂಖ್ಯೆ ಕೇಳಿತು.

ವಿಲ್ಲಿಗೆ ಜೀವ ಬಂದಂತಾಯಿತು. ಇಗೋ ಡಬ್ಬಿ! ದುಡ್ಡು ಕೇಳುತ್ತಾರೆ, ಅಂದರೆ ಮರ್ಯಾದಸ್ಥರು. ಪುಕ್ಕಟೆ ಎನ್ನುವ ಕಳ್ಳರ ಸಹವಾಸ ಯಾರಿಗೆ ಬೇಕು? ಅವನು ಕಾರ್ಡು ಹೊರತೆಗೆದು, ಒಂದೊಂದೇ ಅಂಕಿ ಜೋರಾಗಿ ಹೇಳಿಕೊಳ್ಳುತ್ತ ತುಂಬಿಸಿದ. ಪ್ರಾಮಾಣಿಕನಾಗಿ ದುಡ್ಡು ಕೊಟ್ಟು ಮೋಸ ಹೋದ.

ಟೋವೆ ಬಂದಾಗ ಪರದೆಯ ಮೇಲೆ ಜಾತ್ರೆ ನಡೆಯುತ್ತಿತ್ತು. ಒಂದು ಕಿಟಕಿ ಬಹುಮಾನ ಬಂದಿದೆ ಎನ್ನುತ್ತಿತ್ತು, ಇನ್ನೊಂದು ನಿಮ್ಮ ಕಂಪ್ಯೂಟರಿಗೆ ರೋಗ ಬಂದಿದೆ ಎಂದು ಕೆಂಪಗೆ ಕಿರುಚುತ್ತಿತ್ತು. ಮುಚ್ಚಿದರೆ ಮತ್ತೆರಡು ತೆರೆಯುತ್ತಿದ್ದವು. ವಿಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

"ಏನ್ ಮಾಡಿದೆ?"

"ನಿನಗೆ ಅಂತಾನೇ... ಸಂತೋಷ ಆಗ್ಲಿ ಅಂತ..."

"ಹಾಡೆಲ್ಲಿ?"

"ಇಲ್ಲೇ ಎಲ್ಲೋ ಇರ್ಬೇಕು."

"ಎಲ್ಲೋ ಇರ್ಬೇಕಾ? ವಿಲ್ಲಿ, ಅದರಲ್ಲಿ ನನ್ನ ಅಕ್ಕನ ಮಾತಿದೆ! ಅದನ್ನ ಇನ್ನೊಂದ್ಸಲ ಹೇಳು ಅಂತ ಯಾರ ಹತ್ರ ಹೋಗಿ ಕೇಳ್ಲಿ ನಾನು?"

ಅಷ್ಟು ಜೋರಾಗಿ ಟೋವೆ ಮಾತಾಡಿದ್ದನ್ನು ವಿಲ್ಲಿ ಕೇಳಿಯೇ ಇರಲಿಲ್ಲ. ಅವನು ಇಂಗು ತಿಂದ ಮಂಗನಂತೆ ನಿಂತ. ಕೊನೆಗೆ ಅವನಿಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ಗೋಡೆಯಿಂದ ವಯರನ್ನೇ ಕಿತ್ತ. ಟೋವೆಗೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು.

ಬುಧವಾರ ಬೋಡಿಲ್ ಬಂದಳು. ಕಥೆ ಕೇಳಿದಳು. ನಗಲಿಲ್ಲ, ಅದು ದೊಡ್ಡದು. "ಮೊದ್ಲು ಬ್ಯಾಂಕಿಗೆ ಫೋನ್ ಮಾಡು ವಿಲ್ಲಿ. ಕಾರ್ಡು ನಿಲ್ಸು. ಈಗ್ಲೇ."

ಅವನು ಫೋನಿನಲ್ಲಿ ತನ್ನ ಹೆಸರು, ಹುಟ್ಟಿದ ದಿನ, ಮಾಡಿದ ತಪ್ಪು ಎಲ್ಲವನ್ನೂ ಒಪ್ಪಿಸುತ್ತಿದ್ದಾಗ ಬೋಡಿಲ್ ಕಂಪ್ಯೂಟರಿನ ಮುಂದೆ ಕೂತು, ಕಸವನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆದಳು. ಹೊತ್ತು ಹಿಡಿಯಿತು. ಟೋವೆ ಅವಳ ಹೆಗಲ ಹಿಂದೆಯೇ ನಿಂತಿದ್ದಳು.

"ಇದೆ" ಎಂದಳು ಬೋಡಿಲ್ ಕೊನೆಗೆ. "ನಿನ್ನ ಹಾಡು ಎಲ್ಲೂ ಹೋಗಿಲ್ಲ. ಮೊದ್ಲು ಇದ್ರದ್ದೊಂದು ನಕಲು ಪೆನ್‌ಡ್ರೈವಿಗೆ ಹಾಕ್ತೀನಿ. ಇಷ್ಟು ಬೇಕಾದ್ದನ್ನ ಯಾವತ್ತೂ ಒಂದೇ ಕಡೆ ಇಡ್ಬೇಡ."

ಟೋವೆ ಕುರ್ಚಿಯ ಮೇಲೆ ಕುಸಿದು ಕೂತು ಮೂಗು ಒರೆಸಿಕೊಂಡಳು.

ಆಮೇಲೆ ಬೋಡಿಲ್ ಲಿಬ್ರೆಆಫೀಸಿನ ಅಸಲಿ ತಾಣ ತೆರೆದಳು. "ಬಾ ವಿಲ್ಲಿ, ನೋಡು. ಮೇಲ್ಗಡೆ ವಿಳಾಸ ಓದು. ಇದು ಅವರದ್ದೇ. ಬೇರೆ ಯಾರದೋ ಅಂಗಡಿಯಿಂದ ತಗೋಬಾರ್ದು, ನೇರ ಇಲ್ಲಿಂದ್ಲೇ ತಗೋಬೇಕು. ಕಾರ್ಡು ಕೊಡದಿದ್ರೆ ತಂತ್ರಾಂಶ ಸಿಗಲ್ಲ ಅಂತ ಯಾರಾದ್ರೂ ಅಂದ್ರೆ ಅದು ಮೋಸ ಅಂತ್ಲೇ ತಿಳ್ಕೋ."

"ಡಬ್ಬಿ?" ಎಂದು ವಿಲ್ಲಿ ಮೆಲ್ಲಗೆ ಕೇಳಿದ. ಪಾಪ, ಅದೊಂದು ಮುಳ್ಳು ಹಾಗೇ ಚುಚ್ಚುತ್ತಿತ್ತು.

"ಅಯ್ಯೋ ದೇವ್ರೇ. ಇಗೋ ಇಲ್ಲಿದೆ ನಿನ್ನ ಡಬ್ಬಿ." ಆ ಪುಟದಲ್ಲಿ ದೇಣಿಗೆ ಎಂಬ ಮಾತಿತ್ತು. "ಇಷ್ಟ ಇದ್ರೆ ಹಾಕು, ಇಲ್ದಿದ್ರೆ ಬೇಡ. ಹಾಕಿದೋರಿಗೂ ಹಾಕದೋರಿಗೂ ಕೊಡೋದು ಒಂದೇ."

"ಹಾಕದೇ ಇರೋರೂ ಇದಾರಾ?"

"ಬೇಕಾದಷ್ಟು. ಅವರಲ್ಲಿ ಕೆಲವರು ಬೇರೆ ಥರ ಕೊಡ್ತಾರೆ. ಈ ಪರದೆ ಮೇಲೆ ನಮ್ಮ ಡೇನಿಶ್ ಭಾಷೆ ಇದೆಯಲ್ಲ, ಅದನ್ನ ಕೂಡಿಸಿದ್ದು ನಮ್ಮಂಥೋರೇ, ಸಂಜೆ ಬಿಡುವಲ್ಲಿ."

"ಅವರಿಗೇನ್ ಸಿಗತ್ತೆ?"

"ಕುರ್ಚಿಗೆ ಬಣ್ಣ ಹೊಡೆದಾಗ ನಿನಗೇನ್ ಸಿಗತ್ತೆ?"

"ಕಾಫಿ" ಎಂದ ವಿಲ್ಲಿ. ಸ್ವಲ್ಪ ಯೋಚಿಸಿ, "ಅದೂ ಆರಿ ಹೋಗಿರತ್ತೆ" ಎಂದು ಸೇರಿಸಿದ. ಮೂರು ಜನರೂ ನಕ್ಕರು. ಸೋಮವಾರದಿಂದ ಆ ಮನೆಯಲ್ಲಿ ಅದೇ ಮೊದಲ ನಗು.

ತಂತ್ರಾಂಶ ಇಳಿಯಿತು, ಕೂತಿತು. ಬೋಡಿಲ್ ಹಾಡಿನ ಮೇಲೆ ಒತ್ತಿದಳು. ತೆರೆಯಿತು! ಐದು ಚರಣಗಳೂ ಇದ್ದವು, ಹಳದಿ ಪಟ್ಟಿ ಇರಲಿಲ್ಲ. ಆದರೆ ಟೋವೆ ಹುಬ್ಬು ಗಂಟಿಕ್ಕಿದಳು.

"ಅಕ್ಷರದ ಮುಖವೇ ಬೇರೆ ಆಗಿದೆಯಲ್ಲೇ. ನಾಲ್ಕನೇ ಚರಣ ಕೆಳಗಿನ ಪುಟಕ್ಕೆ ಜಾರಿದೆ."

"ಹೌದು, ಅದೊಂದು ಆಗತ್ತೆ, ಇಲ್ಲ ಅನ್ನಲ್ಲ. ನೀನು ಬಳಸಿದ್ದ ಅಕ್ಷರಶೈಲಿ ಆ ಬಾಡಿಗೆ ತಂತ್ರಾಂಶದ ಜತೆ ಬಂದಿದ್ದು, ಇದರಲ್ಲಿ ಇಲ್ಲ. ಬೇರೆ ಆರಿಸ್ಕೋ, ಸಾಲು ಸರಿಮಾಡ್ಕೋ. ಎಲ್ಲಾ ಮುಗಿದ ಮೇಲೆ ಪಿಡಿಎಫ್ ಮಾಡಿ ಇಟ್ಕೊಂಡ್ರೆ ಯಾವ ಕಂಪ್ಯೂಟರಲ್ಲಿ ತೆರೆದ್ರೂ ಸಾಲು ಅಲುಗಲ್ಲ. ಮೊದ್ಲ ವಾರ ಕೈ ತಡವರಿಸತ್ತೆ ಟೋವೆ. ಒತ್ತೋ ಗುಂಡಿ ಬೇರೆ ಬೇರೆ ಜಾಗದಲ್ಲಿರತ್ತೆ. ಆಮೇಲೆ ಅಭ್ಯಾಸ ಆಗ್ಬಿಡತ್ತೆ."

ಟೋವೆ ಮುಂದೆ ಬಂದು ಸೆಡೆತ ಬೆರಳನ್ನು ಒಂದು ಕೀಲಿಯ ಮೇಲಿಟ್ಟಳು. ಪರದೆಯ ಮೇಲೆ ಅಕ್ಷರವೊಂದು ಮೂಡಿತು. ಅಳಿಸಿದಳು, ಹೋಯಿತು. ಮತ್ತೆ ಒತ್ತಿದಳು. ಆಮೇಲೆ ಶುರುವಾಯಿತು ಅವಳ ಪ್ರಶ್ನೆ. ಇದೇನು, ಅದೇನು, ಇದನ್ನು ಒತ್ತಿದರೆ ಏನಾಗುತ್ತದೆ, ಹಾಳೆಯನ್ನು ಮಡಚಿ ಪುಸ್ತಕದ ಹಾಗೆ ಮಾಡಲು ಬರುತ್ತದೆಯೆ? ಬರುತ್ತದೆ ಎಂದು ಬೋಡಿಲ್ ತೋರಿಸಿದಳು. ಅಚ್ಚು ಹಾಕುವಾಗ ಕಿರುಹೊತ್ತಗೆ ಎಂದು ಆರಿಸಿದರೆ ಸಾಕು, ಪುಟಗಳು ತಾವೇ ಸರಿಯಾದ ಕಡೆ ಹೋಗಿ ಕೂರುತ್ತವೆ. ಇಷ್ಟು ವರ್ಷ ಕತ್ತರಿ ಅಂಟು ಹಿಡಿದು ಹೆಣಗುತ್ತಿದ್ದ ಟೋವೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡಳು.

ಗುರುವಾರ ಇಡೀ ದಿನ ಅವಳು ಮೂರನೆಯ ಸಾಲಿನ ಜತೆ ಗುದ್ದಾಡಿದಳು. "ಅಮ್ಮನು ನಿಂತಿಹಳು ಈ ಬದಿಗೆ" ಎಂಬುದನ್ನು ಅಳಿಸಿ "ಬಂಧುಗಳು ನಿಂತಿಹರು ಈ ಬದಿಗೆ" ಎಂದು ಹಾಕಿದಳು. ಸಪ್ಪೆ. "ಗೆಳೆಯರು" ಎಂದಳು. ಇನ್ನೂ ಸಪ್ಪೆ. "ಅಮ್ಮನ ನೆನಪು" ಎಂದು ಹಾಕಿ ಓದಿ, ತಾನೇ ಮುಖ ಸಿಂಡರಿಸಿದಳು. ಅದು ಚರ್ಚಿನ ಭಾಷಣದ ಹಾಗಿತ್ತು, ರಾಗ್ನಾ ಕೇಳಿದ್ದರೆ ಆಕಳಿಸುತ್ತಿದ್ದಳು. ಪ್ರತಿ ಸಲವೂ ಹಿಂದಕ್ಕೆ ಹೋಗುವ ಗುಂಡಿ ಒತ್ತಿದರೆ ಅಕ್ಕನ ಮಾತು ಇದ್ದ ಹಾಗೇ ಮರಳಿ ಬಂದು ಕೂರುತ್ತಿತ್ತು.

ವಿಲ್ಲಿ ಹಿಂದೆ ಬಂದು ನಿಂತ. ಓದಿದ. ಅವನ ತುಟಿ ಮೆಲ್ಲಗೆ ಅಲುಗಿತು.

"ಟೋವೆ, ಒಂದ್ ಮಾತು ಹೇಳ್ಲಾ? ಬೈಬೇಡ."

"ಹೇಳು."

"ಅದನ್ನ ಬದಲಾಯಿಸ್ಬೇಡ. ಅವಳು ಹೇಳಿದ್ದು ಹಾಗೇ ಇರ್ಲಿ. ಉಳಿದದ್ದನ್ನ ನೀನ್ ಹೇಳು, ಕೊನೇ ಚರಣದಲ್ಲಿ."

ಟೋವೆ ತಿರುಗಿ ಗಂಡನ ಮುಖ ನೋಡಿದಳು. ಸೋಮವಾರ ಬದಲಾಯಿಸಬೇಡ ಎಂದು ಆ ಯಂತ್ರ ಹೇಳಿದಾಗ ಅವಳಿಗೆ ಮೈಯೆಲ್ಲ ಉರಿದಿತ್ತು. ಇಂದು ಬೇಕಾದ್ದು ಬದಲಾಯಿಸಬಹುದಿತ್ತು. ಬಿಡುವುದೂ ಇಡುವುದೂ ಅವಳ ಕೈಯಲ್ಲಿತ್ತು. ಅವಳು ಆ ಸಾಲನ್ನು ಹಾಗೇ ಬಿಟ್ಟು ಪುಟದ ಕೊನೆಗೆ ಹೋದಳು. ಎರಡು ಬೆರಳಲ್ಲಿ, ಕೀಲಿ ಹುಡುಕಿ ಹುಡುಕಿ, ಕೊನೆಯ ಚರಣ ಬರೆದಳು. ವಿಲ್ಲಿ ಸದ್ದಿಲ್ಲದೆ ಹೋಗಿ ಕಾಫಿ ತಂದಿಟ್ಟ, ಬಿಸಿಯಾಗಿಯೇ ಇತ್ತು.

ಶನಿವಾರ ಬೆಳಿಗ್ಗೆ ಡೋರ್ಟೆಯ ಮನೆಯ ಮುಂದೆ ಹುಲ್ಲಿನ ಮೇಲೆ ಇಬ್ಬನಿ. ಹಿಂದಿನ ಸಂಜೆಯೇ ಊರಿನವರು ಬಾಗಿಲಿಗೆ ಕಮಾನು ಕಟ್ಟಿ ಹೋಗಿದ್ದರು. ಮನೆಯೊಳಗಿನವರು ನಿದ್ದೆ ಮಾಡುತ್ತಿರುವವರಂತೆ ನಟಿಸುತ್ತಿದ್ದರು, ಹೊರಗಿನವರು ಅದನ್ನು ನಂಬಿದವರಂತೆ ಪಿಸುಗುಡುತ್ತಿದ್ದರು. ವಿಲ್ಲಿ ಎಲ್ಲರ ಕೈಗೂ ಮಡಚಿದ ಹಾಡು ಹಂಚಿದ. ಟೋವೆ ಕಮಾನಿನ ಒಂದು ಬದಿಯಲ್ಲಿ ನಿಂತಳು. ಇನ್ನೊಂದು ಬದಿಯಲ್ಲಿ ಯಾರೂ ನಿಲ್ಲಲಿಲ್ಲ.

ಯಾರೋ ತುತ್ತೂರಿ ಊದಿದರು. ಹಾಡು ಎದ್ದಿತು. ಬಾಗಿಲು ತೆರೆದು ಡೋರ್ಟೆ ಹೊರಗೆ ಬಂದಳು, ಮೇಲಂಗಿ ಸುತ್ತಿಕೊಂಡು, ಕೂದಲು ಕೆದರಿಕೊಂಡು, ಹಿಂದೆ ಗಂಡ ಯೋರ್ನ್ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು. ಮೂರನೆಯ ಸಾಲು ಬಂದಾಗ ಊರಿನವರ ದನಿ ತಗ್ಗಿತು. ಕೆಲವರು ಹಾಡುವುದನ್ನೇ ಬಿಟ್ಟು ಟೋವೆಯ ಮುಖ ನೋಡಿದರು, ಏನೋ ತಪ್ಪಾಗಿದೆ ಎಂಬಂತೆ. ಟೋವೆ ನಿಲ್ಲಿಸಲಿಲ್ಲ. ವಿಲ್ಲಿಯಂತೂ ದೋಣಿಯ ಸೈರನ್ ಕೂಗಿದಂತೆ ಹಾಡಿದ. ಡೋರ್ಟೆಯ ನಗು ಮುಖದಿಂದ ಜಾರಿತು. ಖಾಲಿ ಬದಿಯನ್ನು ನೋಡಿದಳು, ಯೋರ್ನ್‌ನ ತೋಳು ಹಿಡಿದುಕೊಂಡಳು.

ನಡುವಿನ ಚರಣಗಳಲ್ಲಿ ಯೋರ್ನ್ ಮುರಿದು ಹಾಕಿದ ಸೈಕಲ್, ಅಡುಗೆಗೆ ಹೋಗಿ ಕರಕಲು ಮಾಡಿದ ಬಾತುಕೋಳಿ ಎಲ್ಲ ಬಂದು ಹೋಯಿತು, ಜನ ನಕ್ಕರು. ಆಮೇಲೆ ಎಲ್ಲರೂ ಪುಟ ತಿರುಗಿಸಿದರು.

ಈ ಬದಿ ಖಾಲಿ ಎನಬೇಡ ಮಗಳೆ, ನಾವೆಲ್ಲ ಇಲ್ಲಿಲ್ಲವೆ?
ಅವಳೇ ಹೇಳಿದ ಮಾತನು ಈಗ ಊರೇ ಹಾಡಿಲ್ಲವೆ?
ಒಬ್ಬಳು ನಿಂತಿಹಳು ಕಣ್ಣ ಮುಂದೆ, ಒಬ್ಬಳು ಹಾಡೊಳಗೆ,
ಇಬ್ಬರ ನಡುವೆ ಹಾದು ಬನ್ನಿ, ಕೈ ಹಿಡಿದು, ನಮ್ಮೊಳಗೆ.

ಡೋರ್ಟೆ ಅಳುತ್ತಲೇ ಕಮಾನು ದಾಟಿ ಬಂದಳು. ಬಂದವಳು ಟೋವೆಯನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಚಿಕ್ಕಮ್ಮಾ, ಮೊದಲನೇದು ಅಮ್ಮಂದಲ್ವಾ? 'ಏಳಿರಿ ಏಳಿರಿ' ಅಂತ... ಶಾಲೆಗೆ ಹೋಗೋವಾಗ ನನ್ನ ಹೀಗೇ ಎಬ್ಬಿಸ್ತಿದ್ಲು."

"ಅವಳದ್ದೇ ಕಣೆ. ಒಂದು ಅಕ್ಷರಾನೂ ಮುಟ್ಟಿಲ್ಲ ನಾನು."

ಆಮೇಲೆ ಎಲ್ಲರಿಗೂ ಒಳಗೆ ಬೆಳಗಿನ ತಿಂಡಿ, ಬನ್ನು, ಚೀಸು, ಒಂದೊಂದು ಗುಟುಕು ಕಹಿ ಮದ್ಯ. ಹಾಡಿನ ಹಾಳೆ ಇಷ್ಟು ಅಚ್ಚುಕಟ್ಟಾಗಿ ಹೇಗೆ ಬಂತು, ಯಾರು ಮಾಡಿದ್ದು ಎಂದು ಯಾರೋ ಕೇಳಿದರು. ಲಿಬ್ರೆಆಫೀಸ್ ಎಂದು ವಿಲ್ಲಿ ಶುರುಮಾಡಿದ. ಬಾಡಿಗೆಯಿಲ್ಲ, ನಕಲು ಮಾಡಿದರೆ ಕದ್ದಂತಲ್ಲ, ನೇರ ಅವರ ತಾಣದಿಂದಲೇ ತೆಗೆದುಕೊಳ್ಳಬೇಕು, ಕಾರ್ಡು ಕೇಳಿದರೆ ಓಡಬೇಕು. ತಾನೇ ಬರ್ಲಿನ್‌ಗೆ ಹೋಗಿ ಕಟ್ಟಿ ಬಂದವನ ಗತ್ತು ಅವನದು. ಬೋಡಿಲ್ ಬನ್ನು ತಿನ್ನುತ್ತ ಎಲ್ಲ ಕೇಳಿಸಿಕೊಂಡಳು.

ಈಗ ನೀವು ಹೇಳಿ. ನಿಮ್ಮ ಸಂಘದ ಲೆಕ್ಕ, ಮಕ್ಕಳ ಪಾಠ, ಅಂಗಡಿಯ ಬಿಲ್ಲು, ನೀವು ಕೂತು ಬರೆದ ನಾಲ್ಕು ಸಾಲು, ಇವೆಲ್ಲ ಯಾವ ತಂತ್ರಾಂಶದಲ್ಲಿವೆ? ಅದರ ಬಾಡಿಗೆ ನಾಳೆ ಮುಗಿದರೆ ಅವನ್ನು ತಿದ್ದಲು ನಿಮಗೆ ಆದೀತೇ? ಒಮ್ಮೆ ನೋಡಿಕೊಳ್ಳಿ. ಬಾಡಿಗೆಯೇ ಇಲ್ಲದ ಲಿಬ್ರೆಆಫೀಸ್ ನಮ್ಮ ಕನ್ನಡದಲ್ಲೂ ಇದೆ. ಅದರದೇ ತಾಣಕ್ಕೆ ಹೋಗಿ ಇಳಿಸಿಕೊಳ್ಳಿ, ಹಳೆಯದನ್ನು ತೆಗೆಯುವ ಮೊದಲು ಒಂದೆರಡು ಕಡತ ತೆರೆದು ಪರೀಕ್ಷಿಸಿ, ಎಲ್ಲದರ ನಕಲೊಂದನ್ನು ಬೇರೆ ಕಡೆ ಇಡಿ. ಬರದಿದ್ದರೆ ಬಲ್ಲವರನ್ನು ಕೇಳಿ, ಬಂದ ಮೇಲೆ ಪಕ್ಕದ ಮನೆಯವರಿಗೂ ಹಾಕಿಕೊಡಿ. ನಿಮ್ಮವರು ಯಾರೋ ಹೇಳಿಹೋದ ಮಾತು ನಿಮ್ಮ ಕಂಪ್ಯೂಟರಿನಲ್ಲೂ ಇರಬಹುದು. ಅದನ್ನು ತೆರೆಯಲು ಇನ್ನೊಬ್ಬರ ಅಪ್ಪಣೆಗೆ ಕಾಯುವಂತೆ ಮಾಡಿಕೊಳ್ಳಬೇಡಿ.